ಪೇಶಂಟಿನ ಕಡೆಯವರು

ದೇಗು, ಮಾರ್ಚ್ 2, 2023

ದುಸಿಮ್,

ಚೆನ್ನಾಗಿದ್ದೀಯಾ ಅಂತ ಕೇಳೋದಿಲ್ಲ. ಚೆನ್ನಾಗಿಲ್ಲದಿದ್ದರೂ ಹೇಳುವ ಜಾತಿಯವಳಲ್ಲ ನೀನು. ನಾನು ಚೆನ್ನಾಗಿಲ್ಲ. ನೇರವಾಗಿಯೇ ಬರೆಯುತ್ತೇನೆ.

ಹೊಸ ವರ್ಷದ ಹಬ್ಬ ಮುಗಿದಾಗಿನಿಂದ ಹೊಟ್ಟೆ ಊದಿದೆ. ಮೊದಲು ಗಾಳಿ ಅಂದುಕೊಂಡೆ. ಈಗ ಲಂಗದ ಗುಂಡಿ ಕೂರುವುದಿಲ್ಲ, ಕೈಕಾಲು ಮಾತ್ರ ಕಡ್ಡಿ. ಪೇಟೆಯಲ್ಲಿ ನನ್ನ ಉಪ್ಪುಮೀನಿನ ಅಂಗಡಿ ಪಕ್ಕದವಳು, "ಏನಜ್ಜಿ, ಈ ವಯಸ್ಸಿನಲ್ಲಿ ಬಸುರಾ?" ಅಂದಳು. "ಹೌದು, ಯಾರದ್ದು ಅಂತ ನಿನ್ನ ಗಂಡನ್ನ ಕೇಳು" ಅಂದೆ.

ಮಗ ಇನ್ಹೋ ಆಸ್ಪತ್ರೆಗೆ ಕರೆದುಕೊಂಡು ಹೋದ. ಸೂಜಿ ಚುಚ್ಚಿ ನೀರು ತೆಗೆದರು. ಬಾರ್ಲಿ ಚಹದ ಬಣ್ಣದ ನೀರು. ಡಾಕ್ಟರ್ ಹೆಸರು ಪ್ಯೊ. ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಅವನ ಮೊದಲ ಪ್ರಶ್ನೆ, "ಅಜ್ಜಿ ಕುಡೀತಾರಾ?" ಕೇಳಿದ್ದು ನನ್ನನ್ನಲ್ಲ, ಇನ್ಹೋನನ್ನು! ನಾನೇನು ಅಲ್ಲಿ ಯಾರೋ ಬಿಟ್ಟುಹೋದ ಕುಂಬಳಕಾಯಿಯಾ? "ಕುಡೀತಿದ್ದದ್ದು ನನ್ನ ಗಂಡ. ಅವನನ್ನ ಕೇಳೋದಾದ್ರೆ ಗೋರಿ ಹತ್ರ ಹೋಗಿ" ಅಂದೆ. ಡಾಕ್ಟರ್ ನಕ್ಕು, "ಪೇಶಂಟಿನ ಕಡೆಯವರು ಸ್ವಲ್ಪ ಒಳಗೆ ಬನ್ನಿ" ಅಂದ. ಇನ್ಹೋ ಒಳಗೆ ಹೋದ. ನರ್ಸು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದಳು. ಹೊಟ್ಟೆ ನನ್ನದು, ಮಾತು ಅವರದ್ದು.

ಹೊರಗೆ ಬಂದವನ ಮುಖ ತೊಳೆದ ಪಾತ್ರೆ ಹಾಗಿತ್ತು. "ಏನಂತೆ?" ಅಂದೆ. "ಏನಿಲ್ಲಮ್ಮ. ಸ್ವಲ್ಪ ನೀರು ತುಂಬಿದೆ, ಅಷ್ಟೇ." ಆ ದಿನ ಸಂಜೆ ಸೊಸೆ ಮಿಹ್ಯಾಂಗ್ ಮುತ್ತುಚಿಪ್ಪಿನ ಮಾಂಸ ಹಾಕಿದ ಗಂಜಿ ಮಾಡಿಕೊಟ್ಟಳು. ಹಬ್ಬವಿಲ್ಲ, ಹುಟ್ಟಿದ ದಿನವಲ್ಲ. ಇಷ್ಟು ವರ್ಷದಲ್ಲಿ ಅವಳು ನನಗೆ ಹೇಳದೆ ಕೇಳದೆ ಅಷ್ಟು ತುಟ್ಟಿ ಗಂಜಿ ಕೊಟ್ಟದ್ದಿಲ್ಲ. ನನಗೆ ಗುಮಾನಿ. ಮುದುಕರನ್ನು ಸಾಲಾಗಿ ಮಲಗಿಸುವ ಆಸ್ಪತ್ರೆ ಇದೆಯಲ್ಲ, ಅಲ್ಲಿಗೆ ಸಾಗಿಸಲು ನೋಡುತ್ತಿದ್ದಾರೆ.

ಇನ್ನೊಂದು ಮಾತು. ಹೋದ ಸಲ ಬುಸಾನಿನ ಮಿಲ್ಲಿನ ವಿಷಯ ಬರೆದಿದ್ದೆ ನೀನು. ಇನ್ನು ಬರೀಬೇಡ. ನಾನು ಮಿಲ್ಲಿನ ಹುಡುಗಿಯಾಗಿದ್ದೆ ಅಂತ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮದುವೆ ದಲ್ಲಾಳಿ ಆವತ್ತು ಚಿಕ್ಕಮ್ಮನ ಮನೆಯಲ್ಲಿ ಹೊಲಿಗೆ ಕಲಿತ ಹುಡುಗಿ ಅಂತ ಹೇಳಿಯೇ ಈ ಸಂಬಂಧ ಕೂಡಿಸಿದ್ದು. ಅದು ಹಾಗೇ ಇರಲಿ.

ಪಿಲ್ನಾಮ್

*

ಯೊಕ್ಜಿ ದ್ವೀಪ, ಮಾರ್ಚ್ 10

ಪಿಲ್ನಾಮಕ್ಕಾ,

ಮೊದಲು ಬೈಗುಳ. ಸೊಸೆ ಗಂಜಿ ಕೊಡದಿದ್ದರೆ ಉಪವಾಸ ಕೆಡವಿದಳು ಅಂತೀಯ, ಕೊಟ್ಟರೆ ವಿಷ ಅಂತೀಯ. ಆ ಹುಡುಗಿ ಮಾಡುವುದಾದರೂ ಏನು? ನನಗೆ ಸೊಸೆ ಇಲ್ಲ, ನಿನ್ನ ಸೊಸೆಯನ್ನು ಇಲ್ಲಿಗೆ ಕಳಿಸು. ಗಂಜಿಯನ್ನು ನಾನು ಕುಡಿಯುತ್ತೇನೆ.

ಇಲ್ಲಿ ಗೆಣಸಿನ ಬಿತ್ತನೆಗೆ ಪಾತಿ ಮಾಡುತ್ತಿದ್ದೇನೆ. ಸಮುದ್ರದ ಗಾಳಿ ಇನ್ನೂ ತಣ್ಣಗಿದೆ. ನನಗೆ ಸ್ವಲ್ಪ ಶೀತ, ಕೆಮ್ಮು. ಅದು ಹೋಗುತ್ತೆ ಬಿಡು. ಕಿವಿ ಮಾತ್ರ ಪೂರ್ತಿ ಹೋಯಿತು. ಮೊನ್ನೆ ಹಡಗು ಬೆನ್ನ ಹಿಂದೆಯೇ ಕೂಗಿದರೂ ಕೇಳಲಿಲ್ಲವಂತೆ. ಅದಕ್ಕೇ ನೀನು ಸೊಸೆ ಕದ್ದು ಕೇಳುತ್ತಾಳೆ ಅಂತ ಫೋನು ಬಿಟ್ಟು ಕಾಗದ ಬರೆಯುವುದು ನನಗೂ ಒಳ್ಳೆಯದೇ ಆಯಿತು.

ಕುಡಿತದ ವಿಷಯ ಕೇಳಿದರೆ ಲಿವರಿನ ಮೇಲೆ ಅನುಮಾನ ಇರಬೇಕು. ಲಿವರಿನದ್ದು ಅಲ್ಲ ಅಂತ ನನಗನ್ನಿಸುತ್ತೆ. ಆಸ್ಪತ್ರೆಯವರು ಹಿಂದಿನದನ್ನೆಲ್ಲ ಕೇಳಿರುತ್ತಾರಲ್ಲ, ಅವರಿಗೇ ಗೊತ್ತಾಗುತ್ತೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡು. ಜಗಳ ಮಾಡಬೇಡ.

ದುಸಿಮ್

*

ದೇಗು, ಮಾರ್ಚ್ 27

ದುಸಿಮ್,

ಜಗಳ ಮಾಡಬೇಡ ಅಂತೀಯ. ಯಾರ ಜೊತೆ ಮಾಡಲಿ? ಯಾರೂ ನನ್ನ ಜೊತೆ ಮಾತೇ ಆಡುತ್ತಿಲ್ಲ.

ಲಿವರ್ ಅಲ್ಲವಂತೆ. ಆಮೇಲೆ ಕ್ಷಯ ಅಂದರು, ಹೊಟ್ಟೆಯ ಕ್ಷಯ. ಮಾತ್ರೆ ನುಂಗಿದೆ, ಉಚ್ಚೆ ಕೆಂಪಾಯಿತು, ಹೊಟ್ಟೆ ಇಳಿಯಲಿಲ್ಲ. ಈಗ ಮಾತ್ರೆಯೂ ನಿಲ್ಲಿಸಿದರು. ಪ್ರತಿ ಸಲವೂ ಅದೇ ನಾಟಕ. ನನ್ನ ಹೊಟ್ಟೆ ಒತ್ತುತ್ತಾರೆ, "ನೋಯುತ್ತಾ ಅಜ್ಜಿ?" ಅಂತಾರೆ. ನನ್ನಿಂದ ಅವರಿಗೆ ಬೇಕಾದ್ದು ಅಷ್ಟೇ ಉತ್ತರ. ಮಿಕ್ಕಿದ್ದೆಲ್ಲ "ಪೇಶಂಟಿನ ಕಡೆಯವರು" ಒಳಗೆ ಹೋಗಿ ಮಾತಾಡುವುದು. ಬಾಗಿಲು ಮುಚ್ಚುತ್ತೆ. ನಾನು ಹೊರಗೆ ಮೀನಿನ ತೊಟ್ಟಿ ನೋಡುತ್ತಾ ಕೂರಬೇಕು. ಆ ಮೀನುಗಳಿಗಾದರೂ ಏನಾದರೂ ಗೊತ್ತಿರಬಹುದು.

ಈಗ ಹೊಟ್ಟೆಗೆ ತೂತು ಕೊರೆದು ಒಳಗೆ ನೋಡಬೇಕಂತೆ, ಚೂರು ಕತ್ತರಿಸಿ ತೆಗೀಬೇಕಂತೆ. "ಯಾಕೆ?" ಅಂತ ಕೇಳಿದರೆ ಇನ್ಹೋ, "ನೀರಿನ ಕೊಳವೆ ಸರಿ ಮಾಡ್ತಾರಮ್ಮ" ಅಂತಾನೆ. ನಾನೇನು ಬಚ್ಚಲುಮನೆಯಾ? "ನಿಜ ಹೇಳೋವರೆಗೂ ನನ್ನ ಮೈ ಮೇಲೆ ಕತ್ತಿ ಇಡೋಕೆ ಬಿಡೋದಿಲ್ಲ" ಅಂದೆ. ಹೆಬ್ಬೆಟ್ಟೂ ಇಲ್ಲ, ಸಹಿಯೂ ಇಲ್ಲ.

ಇನ್ನು ಮುಖ್ಯವಾದದ್ದು ಕೇಳು. ಅಧಿಕ ಮಾಸ ಬಂತಲ್ಲ. ಶನಿವಾರ ಮಿಹ್ಯಾಂಗ್ ಟೇಪು ಹಿಡಿದುಕೊಂಡು ಬಂದು, "ಅತ್ತೆ, ಸ್ವಲ್ಪ ಎದ್ದು ನಿಲ್ಲಿ" ಅಂದಳು. ಭುಜ ಅಳೆದಳು, ತೋಳು ಅಳೆದಳು. "ಏನಕ್ಕೇ?" ಅಂದೆ. ತಲೆ ತಗ್ಗಿಸಿಕೊಂಡು, "ಸೆಣಬಿನ ಬಟ್ಟೆ ಹೊಲಿಸೋಣ ಅಂತ. ಅಧಿಕ ಮಾಸದಲ್ಲಿ ಹೊಲಿಸಿಟ್ರೆ ಆಯಸ್ಸು ಜಾಸ್ತಿ ಅಂತಾರಲ್ಲ ಅತ್ತೆ" ಅಂದಳು.

ಹೆಣಕ್ಕೆ ತೊಡಿಸುವ ಬಟ್ಟೆ! ಹಿಂದೆ ಅಧಿಕ ಮಾಸವೇ ಬಂದಿರಲಿಲ್ಲವಾ? ಆಗೆಲ್ಲ ನನ್ನ ಆಯಸ್ಸು ಇವಳಿಗೆ ನೆನಪಾಗಲಿಲ್ಲವಾ? "ಹೊಟ್ಟೆ ಹತ್ರ ಸಡಿಲ ಬಿಡು, ಇನ್ನೂ ಊದುತ್ತೆ" ಅಂದೆ. ಟೇಪು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಬರುತ್ತಿತ್ತು, ಪಾತ್ರೆ ತೊಳೆಯುವ ಸದ್ದು ಬರಲಿಲ್ಲ.

ನೀನೇನು ಹೇಳುತ್ತೀಯ? ನೀನೊಬ್ಬಳು ನನಗೆ ಸುಳ್ಳು ಹೇಳುವುದಿಲ್ಲ.

ಪಿಲ್ನಾಮ್

*

ಯೊಕ್ಜಿ ದ್ವೀಪ, ಏಪ್ರಿಲ್ 4

ಪ್ರೀತಿಯ ಪಿಲ್ನಾಮಕ್ಕನಿಗೆ,

ನಿನ್ನ ಕಾಗದ ಓದಿದೆ. ನಿನಗೆ ಎಷ್ಟು ಕಷ್ಟವಾಗಿದೆ ಅಂತ ಅರ್ಥವಾಗುತ್ತದೆ. ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಕ್ಕಳು ಏನು ಮಾಡಿದರೂ ನಿನ್ನ ಒಳ್ಳೆಯದಕ್ಕೇ ಮಾಡುತ್ತಾರೆ. ಚೂರು ತೆಗೆಯುವುದು ಸಣ್ಣ ಕೆಲಸವಂತೆ, ಮಲಗಿ ಏಳುವಷ್ಟರಲ್ಲಿ ಮುಗಿಯುತ್ತಂತೆ. ಸಹಿ ಹಾಕಕ್ಕಾ. ನನಗೋಸ್ಕರ ಹಾಕು.

ಇಲ್ಲಿ ಹೂವು ಚೆನ್ನಾಗಿ ಅರಳಿದೆ. ನಿನ್ನನ್ನು ನೆನೆಸಿಕೊಳ್ಳುತ್ತೇನೆ.

ದುಸಿಮ್

*

ದೇಗು, ಏಪ್ರಿಲ್ 8

ದುಸಿಮ್!

ಯಾರು ಬಂದಿದ್ದರು ನಿನ್ನ ಹತ್ತಿರ?

"ದಯವಿಟ್ಟು"? ನೀನು? ನಿನ್ನ ಗಂಡ ಸತ್ತಾಗ ನಾನು ದ್ವೀಪಕ್ಕೆ ಬಂದರೆ ಬಾಗಿಲಲ್ಲೇ "ತಡವಾಗಿ ಬಂದೆ, ಊಟ ಖಾಲಿ" ಅಂದವಳು ನೀನು. ಈಗ ಹೂವು ಅರಳಿದೆಯಂತೆ. ನಮಗೆ ಹದಿನಾರು ತುಂಬದಾಗಿನಿಂದ ನೀನು ನನಗೆ ಬರೆದ ಒಂದೇ ಒಂದು ಕಾಗದದಲ್ಲೂ ಹೂವಿರಲಿಲ್ಲ.

ನನ್ನ ಕಣ್ಣು ಮಂಜಾಗಿರಬಹುದು, ಮೂಗು ಸರಿಯಾಗಿದೆ. ಹೋದ ಭಾನುವಾರ ಇನ್ಹೋ "ಆಫೀಸಿನವರ ಜೊತೆ ಗುಡ್ಡ ಹತ್ತೋಕೆ ಹೋಗಿದ್ದೆ" ಅಂದ. ಶರ್ಟು ಒಗೆಯಲು ತೆಗೆದುಕೊಂಡರೆ ಸಮುದ್ರದ ವಾಸನೆ. ಯಾವ ಗುಡ್ಡದ ಮೇಲೆ ಸಮುದ್ರ ಇದೆ, ಹೇಳು.

ಅವನು ಏನು ಹೇಳಿದ? ನೀನು ಏನು ಒಪ್ಪಿಕೊಂಡೆ? ಇಲ್ಲಿ ಎಲ್ಲರೂ ಒಂದು ಕಡೆ ಸೇರಿ, ನನ್ನ ಹೊಟ್ಟೆಯನ್ನು ಮಧ್ಯದಲ್ಲಿಟ್ಟುಕೊಂಡು ಪಿಸುಗುಡುತ್ತಿದ್ದಾರೆ. ನೀನೂ ಹೋಗಿ ಆ ಗುಂಪಿನಲ್ಲಿ ಕೂತೆಯಲ್ಲ! ಥೂ. ನಿಜ ಬರೆಯುವುದಿದ್ದರೆ ಬರೆ. ಇಲ್ಲದಿದ್ದರೆ ಕಾಗದ ಹಾಳು ಮಾಡಬೇಡ.

ಪಿಲ್ನಾಮ್

*

ಯೊಕ್ಜಿ ದ್ವೀಪ, ಏಪ್ರಿಲ್ 14

ಅಕ್ಕಾ,

ಹೌದು. ಇನ್ಹೋ ಬಂದಿದ್ದ. ಒಂದು ಪೆಟ್ಟಿಗೆ ಪೇರು ತಂದಿದ್ದ. "ಅಮ್ಮ ನಿಮ್ಮ ಮಾತೊಂದೇ ಕೇಳೋದು, ಸಹಿ ಹಾಕೋಕೆ ಹೇಳಿ ಚಿಕ್ಕಮ್ಮ" ಅಂತ ಸ್ಲೇಟಿನ ಮೇಲೆ ಬರೆದು ತೋರಿಸಿದ. ಕಾಯಿಲೆ ಏನು ಅಂತ ಕೇಳಿದೆ. "ದೊಡ್ಡದೇನಿಲ್ಲ" ಅಂತ ಬರೆದ. ನಂಬಿದೆ. ಮಾತು ಕೊಟ್ಟೆ.

ಆಮೇಲೆ ದಡದಲ್ಲಿ ಹಡಗಿಗೆ ಕಾಯುತ್ತಾ ಅವನು ಹೆಂಡತಿಗೆ ಫೋನು ಮಾಡಿದ. ನಾನು ದೂರದಲ್ಲಿ ನಿಂತಿದ್ದೆ. ಕಿವುಡಿ ಅಂತ ಅವನು ಬೆನ್ನು ತಿರುಗಿಸಲೂ ಇಲ್ಲ. ಮಿಲ್ಲಿನ ಯಂತ್ರದ ಗದ್ದಲದಲ್ಲಿ ನಾವು ಒಬ್ಬರ ತುಟಿ ಒಬ್ಬರು ಓದಿ ಮಾತಾಡಿದವರು ಅನ್ನೋದು ಅವನಿಗೇನು ಗೊತ್ತು? ಅವನ ತುಟಿ "ಕ್ಯಾನ್ಸರ್" ಅಂತು. "ಅಂಡಾಶಯ" ಅಂತು. "ಅಮ್ಮನಿಗೆ ಗೊತ್ತಾದ್ರೆ ಅವತ್ತೇ ಪ್ರಾಣ ಬಿಡ್ತಾಳೆ" ಅಂತು. ಆಮೇಲೆ ತುಟಿ ಓದಲಾಗಲಿಲ್ಲ, ಅವನು ಮುಖ ಮುಚ್ಚಿಕೊಂಡ.

ನಿನಗೆ ಹೂವಿನ ಕಾಗದ ಬರೆದೆ, ಯಾಕಂದರೆ ಬೇರೆ ಏನು ಬರೆಯುವುದು ತಿಳಿಯಲಿಲ್ಲ. ಆದರೆ ಈ ವಾರವೆಲ್ಲ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಅದಲ್ಲ. ಅವನು ಸ್ಲೇಟಿನ ಮೇಲೆ ಇನ್ನೂ ಒಂದು ಬರೆದಿದ್ದ: "ಡಾಕ್ಟರ್ ಅಮ್ಮನ ಕೆಲಸದ ಬಗ್ಗೆ ಕೇಳಿದ್ರು. ಮೊದಲು ಮನೇಲಿದ್ರು, ಆಮೇಲೆ ಉಪ್ಪುಮೀನಿನ ಅಂಗಡಿ, ಅಷ್ಟೇ ಅಂದೆ." ನಾನು ತಲೆಯಾಡಿಸಿದೆ. ಮಿಲ್ಲಿನ ಮಾತು ಬೇಡ ಅಂತ ನೀನು ಬರೆದದ್ದು ಅಡ್ಡ ಬಂತು.

ಅಕ್ಕಾ, ಮಿಲ್ಲಿನ ವಿಷಯ ಡಾಕ್ಟರಿಗಾದರೂ ನೀನೇ ಹೇಳಿರುತ್ತೀಯ ಅಂತ ನಾನು ಅಂದುಕೊಂಡಿದ್ದೆ. ಹೇಳಿಲ್ಲ ಅಲ್ಲವಾ?

ಈಗ ಎಲ್ಲ ಬರೆಯುತ್ತೇನೆ. ಮಿಲ್ಲಿನಲ್ಲಿ ನಾವು ನೂಲುತ್ತಿದ್ದದ್ದು ಕಲ್ನಾರು. ತಲೆ ಮೇಲೆ ಹಿಮ ಬಿದ್ದ ಹಾಗೆ ಬೀಳುತ್ತಿತ್ತಲ್ಲ, ಅದನ್ನು ಊದಿ ಊದಿ ಬುತ್ತಿ ತಿಂದೆವು. ರಜೆಯ ದಿನ ಒಡೆದ ಕಲ್ನಾರು ಶೀಟು ಒಲೆ ಮೇಲಿಟ್ಟು ಹಂದಿಮಾಂಸ ಸುಟ್ಟೆವು, ಕೊಬ್ಬು ಶೀಟಿನ ಕಾಲುವೆಯಲ್ಲಿ ಚೆನ್ನಾಗಿ ಇಳಿದು ಹೋಗುತ್ತೆ ಅಂತ. ನಮ್ಮ ಕೋಣೆಯ ಬೊಂಗ್ಹ್ವಾ ಆ ಅರಳೆಯನ್ನೇ ತುಂಬಿ ದಿಂಬು ಮಾಡಿಕೊಂಡಿದ್ದಳು. ಬೊಂಗ್ಹ್ವಾ ಮುಪ್ಪಾಗಿ ಸತ್ತಳು ಅಂತ ನಿನಗೆ ಬರೆದಿದ್ದೆ. ಮುಪ್ಪಲ್ಲ. ಅವಳ ಹೊಟ್ಟೆಯೂ ಹೀಗೇ ಊದಿತ್ತು. ನಿನಗೆ ಭಯವಾಗುತ್ತೆ ಅಂತ ಹೇಳಲಿಲ್ಲ. ನನಗೇ ಭಯವಾಗಿತ್ತು.

ಹಳೆಯ ಮಿಲ್ಲಿನವರನ್ನು ಪರೀಕ್ಷೆ ಮಾಡುವ ಗಾಡಿ ಹೋದ ವರ್ಷ ಆಚೆ ದಡದ ತೊಂಗ್ಯಾಂಗಿಗೆ ಬಂದಿತ್ತು. ನಾನು ಹೋಗಿದ್ದೆ. ನನ್ನ ಎದೆಯ ಫೋಟೋದಲ್ಲಿ ಗಾಯದ ಕಲೆ ಇದೆ ಅಂದರು. ನನ್ನ ಕೆಮ್ಮು ಶೀತದ್ದಲ್ಲ. ಮತ್ತೆ ಬನ್ನಿ ಅಂದರು, ಹೋಗಿಲ್ಲ.

ಡಾಕ್ಟರಿಗೆ ಹೇಳು. ಸೊಸೆ ಓದಲಿ, ಊರೇ ಓದಲಿ.

ದುಸಿಮ್

*

ಯೊಕ್ಜಿ ದ್ವೀಪ, ಮೇ 1

ಅಕ್ಕಾ,

ಎರಡು ವಾರ ಆಯಿತು. ಅಂಚೆಯವನು ನನ್ನ ಮುಖ ನೋಡಿದರೆ ದೂರದಿಂದಲೇ ಕೈಯಾಡಿಸಿ ಇಲ್ಲ ಅಂತಾನೆ. ಬೈಯುವುದಕ್ಕಾದರೂ ಬರೆ.

ದುಸಿಮ್

*

ದೇಗು, ಮೇ 6

ದುಸಿಮ್,

ಬರೆಯಬಾರದು ಅಂತಲೇ ಇದ್ದೆ. ಬೊಂಗ್ಹ್ವಾ ವಿಷಯ ಮುಚ್ಚಿಟ್ಟದ್ದಕ್ಕೆ ಸಿಟ್ಟು. ಇನ್ನೂ ಇದೆ. ಅದು ಬದಿಗಿರಲಿ.

ನಿನ್ನ ಕಾಗದ ಬಂದ ಮರುದಿನ ಮಗನಿಗೂ ಸೊಸೆಗೂ ಹೇಳದೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಸರದಿ ಬಂತು. ಡಾಕ್ಟರ್ ಪ್ಯೊ ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ಬಗ್ಗಿ ನೋಡಿದ.

"ಅಜ್ಜಿ, ನಿಮ್ಮ ಕಡೆಯವರು ಎಲ್ಲಿ?"

"ನನ್ನ ಕಡೆಯವಳು ನಾನೇ. ಬಾಗಿಲು ಹಾಕಿ."

"ಮಗ ಬಂದ ಮೇಲೆ ಮಾತಾಡೋಣ..."

"ನನಗೆ ಕ್ಯಾನ್ಸರಾ?"

ಅವನು ಕಂಪ್ಯೂಟರಿನ ಕಡೆ ತಿರುಗಿದ. ನಾನು ಪರದೆಗೆ ಕೈ ಅಡ್ಡ ಹಿಡಿದೆ. "ಅಲ್ಲಿ ನೋಡ್ಬೇಡಿ. ನಾನು ಇಲ್ಲಿದೀನಿ. ನೀವು ನನ್ನ ಮಗನ್ನ ಕೇಳಿದ್ರಂತೆ, ಅಮ್ಮ ಏನು ಕೆಲಸ ಮಾಡಿದ್ರು ಅಂತ. ಅವನು ಹುಟ್ಟೋಕೆ ಮುಂಚಿನದು ಅವನಿಗೇನ್ರೀ ಗೊತ್ತು? ಮದುವೆಗೆ ಮೊದಲು ನಾನು ಬುಸಾನಿನಲ್ಲಿ ಕಲ್ನಾರು ನೂಲ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ಮೊದಲು ಹೊಲಕ್ಕೆ ಹಾಕಿದ್ರು, ಆಮೇಲೆ ಮಿಲ್ಲಿಗೆ."

ಅವನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. "ಕಲ್ನಾರಾ? ಅಜ್ಜಿ, ಇದನ್ನ ಯಾಕೆ ಯಾರೂ ಹೇಳ್ಲಿಲ್ಲ?"

"ಯಾರೂ ನನ್ನ ಕೇಳ್ಲಿಲ್ಲ."

ಕೇಳಿದ್ದರೂ ಇನ್ಹೋ ಎದುರಿಗೆ ಹೇಳುತ್ತಿರಲಿಲ್ಲ. ಅದನ್ನು ಡಾಕ್ಟರಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಅವನು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತ. ಮೊದಲ ಸಲ ಅವನ ಮುಖ ಪೂರ್ತಿ ನೋಡಿದೆ, ಹಣೆಯಲ್ಲಿ ಬೆವರು. ಕ್ಯಾನ್ಸರ್ ಅನ್ನೋ ಅನುಮಾನ ಇದೆ, ಅಂಡಾಶಯದ್ದು ಅಂದುಕೊಂಡಿದ್ದೆವು, ರಕ್ತಪರೀಕ್ಷೆಯೂ ಹಾಗೇ ಹೇಳುತ್ತಿತ್ತು ಅಂದ. ಆದರೆ ಕಲ್ನಾರಿನಿಂದ ಬರುವ ಬೇರೊಂದು ಇದೆ, ಬಹಳ ಅಪರೂಪದ್ದು, ತಾನು ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಕಣ್ಣಿನಿಂದ ನೋಡಿಲ್ಲ. ಎರಡಕ್ಕೂ ಔಷಧಿ ಬೇರೆ ಬೇರೆ. ಚೂರು ತೆಗೆದು, ಅದಕ್ಕೆ ಬೇರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಗೊತ್ತಾಗುವುದು.

"ಹೀಗೆ ಮೊದಲೇ ಹೇಳಿದ್ರೆ ಯಾವತ್ತೋ ಸಹಿ ಹಾಕ್ತಿದ್ದೆ" ಅಂದೆ. ಅಲ್ಲೇ ಹಾಕಿದೆ.

ಸಂಜೆ ಮನೆಯಲ್ಲಿ ಇಬ್ಬರನ್ನೂ ಕೂರಿಸಿಕೊಂಡೆ. ಮಿಲ್ಲಿನದ್ದೂ ಹೇಳಿದೆ. ಇನ್ಹೋ ಬಾಯಿ ತೆರೆದುಕೊಂಡು ಕೂತಿದ್ದ. ಮಿಹ್ಯಾಂಗ್ ಮಾತ್ರ, "ಅತ್ತೆ, ನಮ್ಮಮ್ಮನೂ ಶೂ ಕಾರ್ಖಾನೇಲಿದ್ರು. ನಿಮಗೆ ಗೊತ್ತಾದ್ರೆ ನನ್ನ ಕೀಳಾಗಿ ನೋಡ್ತೀರ ಅಂತ ಹೇಳಿರ್ಲಿಲ್ಲ" ಅಂದಳು. ಒಂದೇ ಮನೆಯಲ್ಲಿ ಇಷ್ಟು ವರ್ಷ! ನಿಜಕ್ಕೂ ಕೀಳಾಗಿ ನೋಡುತ್ತಿದ್ದೆನೋ ಏನೋ. ನಾನೂ ಅಷ್ಟೇನೂ ಒಳ್ಳೆಯವಳಲ್ಲ.

ಚೂರು ತೆಗೆದರು. ಉತ್ತರ ಬಂದಿಲ್ಲ. ನರ್ಸುಗಳ ಮುಖ ನೋಡಿ ಗುಮಾನಿ ಪಡುತ್ತಾ ಕೂತಿದ್ದೇನೆ.

ಪಿಲ್ನಾಮ್

*

ಯೊಕ್ಜಿ ದ್ವೀಪ, ಮೇ 15

ಅಕ್ಕಾ,

ಬೈದು ಬರೆದಿದ್ದಕ್ಕೆ ಸಮಾಧಾನವಾಯಿತು. ಉತ್ತರ ಬಂದರೆ ಒಳ್ಳೆಯದಿರಲಿ ಕೆಟ್ಟದ್ದಿರಲಿ ಹಾಗೇ ಬರೆ. ನನ್ನ ಕೆಮ್ಮಿನ ಬಗ್ಗೆ ಕೇಳಬೇಡ.

ದುಸಿಮ್

*

ದೇಗು, ಮೇ 30

ದುಸಿಮ್,

ಕೇಳಬೇಡ ಅಂದರೆ ಕೇಳದೆ ಬಿಡುತ್ತೇನಾ? ನಿನ್ನ ಎದೆಯ ಫೋಟೋ ತೆಗೆಸಿಕೊಂಡು ದೇಗುವಿಗೆ ಬಾ. ಹಡಗಿನ ಹತ್ತಿರ ಇನ್ಹೋ ಬಂದು ನಿಲ್ಲುತ್ತಾನೆ. ಈ ಸಲ ಗುಡ್ಡ ಹತ್ತುವ ಸುಳ್ಳು ಹೇಳದೆ ಬರುತ್ತಾನೆ.

ಉತ್ತರ ಬಂತು. ಅಂಡಾಶಯದ್ದಲ್ಲ. ಕರುಳನ್ನೆಲ್ಲ ಸುತ್ತಿಕೊಂಡು ಒಂದು ತೆಳ್ಳನೆ ಪೊರೆ ಇದೆಯಂತೆ. "ಮೀನಿನ ಹೊಟ್ಟೆ ಸೀಳಿದಾಗ ಕಾಣುತ್ತಲ್ಲ, ಹಾಗಾ?" ಅಂದೆ. "ಹಾಗೇ ಅಜ್ಜಿ" ಅಂದ ಡಾಕ್ಟರ್. ಆ ಪೊರೆಯ ಮೇಲೆ ನವಣೆ ಚೆಲ್ಲಿದ ಹಾಗೆ ಗಂಟುಗಳು. ಕಲ್ನಾರಿನ ಕ್ಯಾನ್ಸರ್. ವೈದ್ಯರು ಅದಕ್ಕೆ ಇಟ್ಟ ಹೆಸರು ಉದ್ದವಾಗಿದೆ, ಎರಡು ಸಲ ಹೇಳಿಸಿಕೊಂಡೆ, ನೆನಪಿಲ್ಲ. ಇರಲಿ, ಅದಕ್ಕೆ ನನ್ನ ಹೆಸರು ನೆನಪಿದೆ.

ನಿಜ ಹೇಳು ನಿಜ ಹೇಳು ಅಂತ ಎಲ್ಲರ ಪ್ರಾಣ ತಿಂದೆನಲ್ಲ. ಹೇಳಿದ ದಿನ ಮನೆಗೆ ಬಂದು ಬಿಸಿ ನೆಲದ ಮೇಲೆ ಮಲಗಿಬಿಟ್ಟೆ. ಸುಳ್ಳು ಹೇಳುತ್ತಿದ್ದಾಗ ಸಿಟ್ಟು ಮಾಡಲು ಮಗ ಇದ್ದ, ಸೊಸೆ ಇದ್ದಳು, ನೀನಿದ್ದೆ. ಈಗ ಯಾರ ಮೇಲೆ ಮಾಡಲಿ? ಮಿಲ್ಲು ಮುಚ್ಚಿ ಯಾವ ಕಾಲವಾಯಿತೋ. ಅದರ ಧಣಿ ಬದುಕಿದ್ದರೆ ಬರಿಗಾಲಿನಲ್ಲಿ ಹೋಗಿ ಬಾಗಿಲು ಒದೆಯುತ್ತಿದ್ದೆ. ಎರಡು ದಿನ ಹಾಗೇ ಬಿದ್ದಿದ್ದೆ, ಯಾರ ಮೇಲೂ ಅನುಮಾನ ಬರಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು.

ದಾರಿ ಎರಡು ಇವೆ ಅಂದ ಡಾಕ್ಟರ್. ಒಂದು, ಸುಮ್ಮನೆ ಔಷಧಿ ಏರಿಸಿಕೊಂಡು ಎಷ್ಟು ದಿನ ನಡೆಯುತ್ತೋ ನಡೆಯಲಿ ಅಂತ ಇರುವುದು. ಇನ್ನೊಂದು, ಹೊಟ್ಟೆ ಪೂರ್ತಿ ತೆರೆದು, ಕಂಡಷ್ಟನ್ನು ಕೆರೆದು ತೆಗೆದು, ಬಿಸಿ ಔಷಧಿಯಲ್ಲಿ ಒಳಗೆಲ್ಲ ತೊಳೆಯುವುದು. ನನ್ನ ವಯಸ್ಸಿಗೆ ಅದು ಸಣ್ಣದಲ್ಲ, ಟೇಬಲ್ಲಿನ ಮೇಲೇ ಮುಗಿಯಬಹುದು. ಇನ್ಹೋ "ಔಷಧಿ ಸಾಕು" ಅಂತಾನೆ, ಮಿಹ್ಯಾಂಗ್ "ಅತ್ತೆ ಹೇಳಿದ ಹಾಗೆ" ಅಂತಾಳೆ. ಇಬ್ಬರೂ ನನ್ನ ಎದುರಿಗೇ ಜಗಳವಾಡಿದರು, ಜೋರಾಗಿ, ಬಾಗಿಲು ತೆರೆದಿಟ್ಟುಕೊಂಡು. ಕೇಳಿಸಿಕೊಂಡು ಕೂತಿದ್ದೆ. ಎಷ್ಟು ಚೆನ್ನಾಗಿತ್ತು ಗೊತ್ತಾ.

ತೆರೆಯಲಿ ಅಂದೆ. ನಾಡಿದ್ದು ಗುರುವಾರ. ಈಗಲೇ ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ.

ಇವತ್ತು ಡಾಕ್ಟರ್ ಪ್ಯೊ ಹಾಸಿಗೆ ಹತ್ತಿರ ಬಂದ. ಇನ್ಹೋ ಬಾಗಿಲ ಹತ್ತಿರ ನಿಂತಿದ್ದ. ಈಗ ನಾನು ಕರೆಯದೆ ಅವನು ಒಳಗೆ ಬರುವುದಿಲ್ಲ. ಡಾಕ್ಟರ್ ಸ್ವಲ್ಪ ಹೊತ್ತು ನನ್ನ ನಾಡಿ ಹಿಡಿದುಕೊಂಡಿದ್ದು, "ಅಜ್ಜಿ, ತೆರೆದು ನೋಡಿದಾಗ ತುಂಬಾ ಹರಡಿದ್ರೆ ತೊಳೆಯೋಕೆ ಆಗೋಲ್ಲ. ಹಾಗೇ ಹೊಲಿದು ಬಿಡ್ಬೇಕಾಗುತ್ತೆ. ಹಾಗಾದ್ರೆ ಮೊದಲು ಯಾರಿಗೆ ಹೇಳ್ಲಿ?" ಅಂದ.

"ನನಗೆ. ಎಚ್ಚರ ಆದ ತಕ್ಷಣ."

"ಸರಿ. ನೀವೊಬ್ಬರೇ ಇದ್ದಾಗ ಹೇಳ್ತೀನಿ."

"ಒಬ್ಬಳೇ ಇದ್ದಾಗ ಬೇಡ" ಅಂದೆ. ಬಾಗಿಲ ಕಡೆ ತೋರಿಸಿದೆ. "ಅವನೂ ಇರಲಿ. ಕೇಳೋದು ನಾನು ಕೇಳ್ತೀನಿ. ಅವನು ಕೈ ಹಿಡ್ಕೊಂಡಿರಲಿ."

ಪಿಲ್ನಾಮ್